ಬೆಂಗಳೂರಿನಿಂದ ವಿಶ್ವಮಟ್ಟದ ಬೈಕ್ ಸ್ಪರ್ಧಿಗಳು ಮೂಡಿಬಂದದ್ದು ಹೇಗೆ?

ಇದರ ಬೇರನ್ನು ನಾನು ಮೈಸೂರಿನಲ್ಲಿ ಕಾಣುತ್ತೇನೆ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಪರವಾನಗಿಯಡಿ 250 ಸಿಸಿಯ ಟೂ-ಸ್ಟ್ರೋಕ್ ಬೈಕುಗಳ ತಯಾರಿಕೆ ಆರಂಭಿಸಿತು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮರಳಿಸಿದರೆ ಗೇರ್ ಆಗುವ ಒಂದೇ ಲಿವರ್ ಹೊಂದಿದ್ದ, ಎರಡು ಸೈಲೆನ್ಸರ್‌ಗಳ ಆ ಗಟ್ಟಿಮುಟ್ಟಾದ ಬೈಕು ಮುಂದೆ ಯೆಜ್ಡಿ ಎಂಬ ಹೆಸರು ತಾಳಿ, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ನಮ್ಮ ರಸ್ತೆಗಳಲ್ಲಿ ಸವಾರಿಯ ಹುಚ್ಚು ಹಿಡಿಸಿತು. ಸ್ಪರ್ಧೆಗಾದರೋ ದಶಕಗಳ ಕಾಲ ಮದ್ರಾಸಿನ ಬಳಿಯ ಶೋಳಾವರಂನ ಹಳೆಯ ವಿಮಾನ ಓಡುದಾರಿಯೇ ದಕ್ಷಿಣದವರಿಗೆ ಆಸರೆಯಾಗಿತ್ತು. ಬೆಂಗಳೂರಿನ ಸಿ. ಎಸ್. ಸಂತೋಷ್ ಮೋಟೋಕ್ರಾಸ್‌ನ ಮಣ್ಣಿನ ಹಾದಿಯಲ್ಲಿ ಪಳಗಿ, 2015ರಲ್ಲಿ ದುರ್ಗಮ ಹಾದಿಗಳ ಬಹುದಿನಗಳ ಸ್ಪರ್ಧೆಯಾದ ಡಾಕರ್ ರ‍್ಯಾಲಿಯನ್ನು 36ನೆಯವರಾಗಿ ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು. ಇದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ (ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ) ನಡೆಸುವ, ಬಾಜಾ ಎಂಬ ಕಿರು ರ‍್ಯಾಲಿಗಳ ವಿಶ್ವಕಪ್‌ನ ಮಹಿಳಾ ವಿಭಾಗವನ್ನೇ ಗೆದ್ದರು.