ಅಮೆರಿಕದಲ್ಲಿ ಚೆಕ್ ಬೌನ್ಸ್ ಆದರೆ ಜೈಲಾ?

ಪ್ರಶ್ನೆ: ನನ್ನ ಮಗ ಟೆಕ್ಸಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಹಳೇ ಕಾರು ಕೊಂಡು 1,400 ಡಾಲರಿಗೆ ಚೆಕ್ ಕೊಟ್ಟಿದ್ದ. ನಾವು ಇಲ್ಲಿಂದ ಕಳಿಸಿದ ದುಡ್ಡು ಎರಡು ದಿನ ತಡವಾಗಿ ತಲುಪಿತು, ಅಷ್ಟರಲ್ಲಿ ಚೆಕ್ ಬೌನ್ಸ್ ಆಗಿಹೋಯಿತು. ಹತ್ತು ದಿನದಲ್ಲಿ ಹಣ ಕೊಡದಿದ್ದರೆ ಕ್ರಿಮಿನಲ್ ಕೇಸ್ ಅಂತ ಕಾರು ಮಾರಿದವರು ನೋಟಿಸ್ ಕಳಿಸಿದ್ದಾರೆ. ರೂಮ್‌ಮೇಟ್ ಹುಡುಗರು ‘ಸುಮ್ನಿರು, ಏನೂ ಆಗಲ್ಲ’ ಅಂತಿದ್ದಾರಂತೆ. ನನಗೆ ರಾತ್ರಿ ನಿದ್ದೆ ಇಲ್ಲ. ಜೈಲಿಗೆ ಹಾಕ್ತಾರಾ?
– ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಮೊದಲು ಮಗನಿಗೆ ಫೋನ್ ಮಾಡಿ, ನೋಟಿಸ್ ಕೈಗೆ ಸಿಕ್ಕಿದ್ದು ಯಾವ ತಾರೀಖು ಅಂತ ಕೇಳಿ. ಹತ್ತು ದಿನದ ಲೆಕ್ಕ ಶುರುವಾಗುವುದು ಅಲ್ಲಿಂದ. ಇದನ್ನು ಪೂರ್ತಿ ಓದುವುದು ಆಮೇಲೂ ಆಗುತ್ತದೆ.

ಚೆಕ್ ಬೌನ್ಸ್ ಅಂದ ಕೂಡಲೇ ನಮಗೆ ನೆನಪಾಗುವುದು ನಮ್ಮ ದೇಶದ ಚೆಕ್ ಕಾನೂನಿನ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ) 138ನೇ ಸೆಕ್ಷನ್. ಅದರಲ್ಲಿ ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡರಷ್ಟು ದಂಡ ಹಾಕಬಹುದು, ಮೋಸದ ಉದ್ದೇಶ ಇತ್ತಾ ಅಂತ ಕೇಳುವುದೇ ಇಲ್ಲ. ಆ ಲೆಕ್ಕವನ್ನು ಅಮೆರಿಕಕ್ಕೆ ಹಾಕಬೇಡಿ. ಅಲ್ಲಿ ಇಂಥ ಚೆಕ್ಕುಗಳಿಗೆ ಒಂದೊಂದು ರಾಜ್ಯಕ್ಕೂ ಅದರದೇ ಕಾನೂನಿದೆ. ಬೌನ್ಸ್ ಆದ ಮಾತ್ರಕ್ಕೆ ಅಪರಾಧ ಆಗುವುದಿಲ್ಲ. ಖಾತೆಯಲ್ಲಿ ದುಡ್ಡಿಲ್ಲ ಅಂತ ಗೊತ್ತಿದ್ದೇ ಬರೆದನಾ, ಮೋಸ ಮಾಡುವ ಮನಸ್ಸಿತ್ತಾ, ಅದನ್ನು ಸರ್ಕಾರದ ಕಡೆಯವರು ತೋರಿಸಬೇಕು.

ಹಾಗಂತ ರೂಮ್‌ಮೇಟ್‌ಗಳ ಮಾತು ಕೇಳಿ ಸುಮ್ಮನೆ ಕೂರಬೇಡಿ. ನಿಜವಾದ ಅಪಾಯ ಇರುವುದೇ ಅಲ್ಲಿ. ಚೆಕ್ ಬರೆದ 30 ದಿನದೊಳಗೆ ಬ್ಯಾಂಕ್ ಅದನ್ನು ವಾಪಸ್ ಮಾಡಿ, ನೋಟಿಸ್ ಸಿಕ್ಕ 10 ದಿನದಲ್ಲಿ ಪೂರ್ತಿ ಹಣ ಕೊಡದೆ ಹೋದರೆ, ‘ಇವನು ಗೊತ್ತಿದ್ದೇ ಮಾಡಿದ್ದಾನೆ’ ಅಂತ ಟೆಕ್ಸಾಸ್ ಕಾನೂನು ಊಹಿಸಿಕೊಳ್ಳುತ್ತದೆ. ಅಂದರೆ ತಪ್ಪಿಲ್ಲದ ಹುಡುಗ ಬರೀ ಸುಮ್ಮನಿದ್ದುಬಿಟ್ಟರೆ ಎದುರಿನವರ ಅರ್ಧ ಕೆಲಸ ತಾನೇ ಮಾಡಿಕೊಟ್ಟ ಹಾಗೆ. ಇನ್ನೊಂದು ವಿಷಯ. ನೋಟಿಸ್ ಹೋಗುವುದು ಚೆಕ್ ಮೇಲಿರುವ ಅಥವಾ ಬ್ಯಾಂಕಿನಲ್ಲಿರುವ ವಿಳಾಸಕ್ಕೆ, ಕಳಿಸಿದ ಐದು ದಿನದಲ್ಲಿ ತಲುಪಿತು ಅಂತಲೇ ಲೆಕ್ಕ. ನಮ್ಮ ಮಕ್ಕಳು ವರ್ಷಕ್ಕೊಂದು ಅಪಾರ್ಟ್‌ಮೆಂಟ್ ಬದಲಿಸುತ್ತಾರೆ, ಬ್ಯಾಂಕಿಗೆ ಹೇಳಿರುವುದಿಲ್ಲ.

ಇನ್ನು ಶಿಕ್ಷೆ. ಟೆಕ್ಸಾಸ್‌ನಲ್ಲಿ ಇಂಥದ್ದಕ್ಕೆ ‘ಹಾಟ್ ಚೆಕ್’ ಅನ್ನುತ್ತಾರೆ. ಅಲ್ಲಿನ ಪೀನಲ್ ಕೋಡ್‌ನ 32.41ನೇ ಸೆಕ್ಷನ್ ಪ್ರಕಾರ ಇದು ಸಾಮಾನ್ಯವಾಗಿ ಕ್ಲಾಸ್ ‘ಸಿ’ ಅಪರಾಧ, 500 ಡಾಲರ್‌ವರೆಗೆ ದಂಡ, ಜೈಲಿಲ್ಲ. ಆದರೆ ನಿಮ್ಮ ಮಗ ಚೆಕ್ ಕೊಟ್ಟು ಒಂದು ವಸ್ತು ತಗೊಂಡಿದ್ದಾನೆ. ಹಾಗಿದ್ದಾಗ ‘ಚೆಕ್ ಮೂಲಕ ಕಳ್ಳತನ’ ಅಂತಲೂ ಕೇಸ್ ಹಾಕಬಹುದು, ಆಗ ಮೊತ್ತ ಏರಿದ ಹಾಗೆ ಶಿಕ್ಷೆ ಏರುತ್ತದೆ. 750ರಿಂದ 2,500 ಡಾಲರ್ ಒಳಗಿದ್ದರೆ ಕ್ಲಾಸ್ ‘ಎ’, ಅಂದರೆ ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. 1,400 ಡಾಲರ್ ಬರುವುದು ಈ ಲೆಕ್ಕಕ್ಕೆ. ಹೆದರಿಸಲು ಹೇಳುತ್ತಿಲ್ಲ ಅಮ್ಮಾ, ಹತ್ತು ದಿನ ಯಾಕೆ ಅಷ್ಟು ಮುಖ್ಯ ಅಂತ ಗೊತ್ತಾಗಲಿ ಅಂತ.

ಈಗ ದುಡ್ಡು ಬಂದಿದೆ, ಅಲ್ವಾ? ಪೂರ್ತಿ ಹಣವನ್ನು ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್) ಅಥವಾ ಮನಿ ಆರ್ಡರ್‌ನಲ್ಲಿ ಕೊಡಲಿ, ಮತ್ತೆ ತನ್ನ ಚೆಕ್ ಬರೆಯುವುದು ಬೇಡ. ಬೌನ್ಸ್ ಆದದ್ದಕ್ಕೆ 30 ಡಾಲರ್‌ವರೆಗೆ ಶುಲ್ಕ ಕೇಳುವ ಹಕ್ಕು ಅವರಿಗಿದೆ, ಕೇಳಿದರೆ ಜಗಳ ಮಾಡದೆ ಕೊಟ್ಟುಬಿಡಲಿ. ರಸೀದಿಯಲ್ಲಿ ಚೆಕ್ ನಂಬರ್ ಇರಲಿ, ಹಳೇ ಚೆಕ್ ವಾಪಸ್ ಕೇಳಲಿ. ನೀವು ಹಾಸನದಿಂದ ಹಣ ಕಳಿಸಿದ ಬ್ಯಾಂಕ್ ಕಾಗದವನ್ನು ಜೋಪಾನವಾಗಿ ಇಡಿ, ದುಡ್ಡು ಬರುತ್ತದೆ ಅಂತ ನಂಬಿಯೇ ಚೆಕ್ ಬರೆದ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಅಕಸ್ಮಾತ್ ಕೋರ್ಟಿನವರೆಗೆ ಹೋದರೆ, ‘ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡೋಣ’ ಅಂತ ಮಾತ್ರ ಮಾಡುವುದು ಬೇಡ. ನನಗೆ ತುಂಬ ಸಂಕಟ ಆಗುವುದು ಈ ವಿಷಯದಲ್ಲೇ. ಅಲ್ಲೇ ಹುಟ್ಟಿದ ಹುಡುಗನಿಗೆ ಅದು ಸಣ್ಣ ಕೇಸ್. ವೀಸಾದ ಮೇಲಿರುವವನಿಗೆ ಕಳ್ಳತನ, ವಂಚನೆ ಅನ್ನುವ ಪದ ದಾಖಲೆಗೆ ಬಂದರೆ ಮುಂದಿನ ವೀಸಾಗೆ, ಗ್ರೀನ್ ಕಾರ್ಡ್‌ಗೆ ಅಡ್ಡ ಬರಬಹುದು, ದೇಶ ಬಿಡಬೇಕಾಗಿ ಬರುವುದೂ ಉಂಟು. ‘ಡಿಫರ್ಡ್ ಅಡ್ಜುಡಿಕೇಷನ್’, ಅಂದರೆ ತೀರ್ಪು ಮುಂದೂಡಿ ಷರತ್ತಿನ ಮೇಲೆ ಬಿಡುವ ವ್ಯವಸ್ಥೆ, ತಗೊಂಡರೆ ಶಿಕ್ಷೆ ಆದ ಹಾಗಲ್ಲ ಅಂತ ಅಲ್ಲಿ ಯಾರಾದರೂ ಹೇಳಬಹುದು. ರಾಜ್ಯದ ಕಾನೂನಿಗೆ ಅದು ಸರಿ, ಆದರೆ ತಪ್ಪೊಪ್ಪಿಕೊಂಡು ಅದನ್ನು ಪಡೆದರೆ ಇಮಿಗ್ರೇಷನ್ ಕಾನೂನು ಅದನ್ನೂ ಶಿಕ್ಷೆಯಾದ ಹಾಗೇ ನೋಡುತ್ತದೆ. ಸಹಿ ಹಾಕುವ ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಲಿ. ಕೆಲವು ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಕಾನೂನು ಸಲಹೆ ಸಿಗುತ್ತದೆ, ಇವತ್ತೇ ವಿಚಾರಿಸಲಿ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಪ್ಲಂಬರ್‌ಗೆ 600 ಡಾಲರ್ ಚೆಕ್ ಕೊಟ್ಟೆ, ಅದೇ ರಾತ್ರಿ ಪೈಪ್ ಮತ್ತೆ ಸೋರಿತು. ಬ್ಯಾಂಕಿಗೆ ಹೇಳಿ ಚೆಕ್ ತಡೆದೆ. ಈಗ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂತಿದ್ದಾರೆ.
– ಒಬ್ಬ ಓದುಗ, ಫ್ರೀಮಾಂಟ್

ಉತ್ತರ: ನಿಮ್ಮ ಖಾತೆಯಲ್ಲಿ ದುಡ್ಡಿತ್ತು ತಾನೇ? ಹಾಗಾದರೆ ಭಯ ಬೇಡ. ಅಲ್ಲಿನ ಪೀನಲ್ ಕೋಡ್ 476ಎ ಇರುವುದು ದುಡ್ಡಿಲ್ಲ ಅಂತ ಗೊತ್ತಿದ್ದೂ ವಂಚಿಸಲು ಚೆಕ್ ಬರೆಯುವವರಿಗೆ. ಸಿವಿಲ್ ಕಾನೂನು ಬೇರೆ. ಪತ್ರ ಬರೆದು ಕೇಳಿದ ಮೇಲೂ 30 ದಿನದಲ್ಲಿ ಕೊಡದಿದ್ದರೆ ಚೆಕ್ಕಿನ ಹಣದ ಜೊತೆಗೆ ಅದರ ಮೂರರಷ್ಟು ಪರಿಹಾರ, ಕನಿಷ್ಠ 100, ಹೆಚ್ಚೆಂದರೆ 1,500 ಡಾಲರ್ ಕೇಳಬಹುದು. ಪ್ರಾಮಾಣಿಕ ತಕರಾರಿನಿಂದ ಚೆಕ್ ತಡೆದವರಿಗೆ ಇದು ಅನ್ವಯಿಸುವುದಿಲ್ಲ. ತಕರಾರು ಪ್ರಾಮಾಣಿಕವಲ್ಲ ಅಂತ ತೋರಿಸಬೇಕಾದದ್ದು ಪ್ಲಂಬರ್, ಆದರೂ ನಿಮ್ಮ ಕಡೆ ಸಾಕ್ಷಿ ಇರಲಿ. ಸೋರುವ ಪೈಪಿನ ಫೋಟೋ ತೆಗೆದಿಡಿ, ಏನು ಸರಿಯಾಗಿಲ್ಲ, ಎಷ್ಟು ಕೊಡಲು ಸಿದ್ಧ ಅಂತ ಪ್ಲಂಬರ್‌ಗೆ ಈ ವಾರವೇ ಸರ್ಟಿಫೈಡ್ ಮೇಲ್‌ನಲ್ಲಿ (ಕಳಿಸಿದ್ದಕ್ಕೆ ದಾಖಲೆ ಸಿಗುವ ಅಂಚೆ) ಬರೆದು ಕಳಿಸಿ.