ಸಂಪಾದಕರ ಉತ್ತರ: ಅಪ್ಪನ ಬೆಂಜಿಗೆ ಪಾನಾ ಹಿಡಿಯುವ ಮುಂಚೆ

ಪತ್ರ: ನಮ್ಮ ತಂದೆ 1996ರಲ್ಲಿ ಕೊಂಡ ಬೆಂಜ್ ಇ 220 ಇದೆ. ಪೆಟ್ರೋಲ್, ಓಡಿರುವುದು 1,14,000 ಕಿ.ಮೀ. ಅವರು ಹೋದ ಮೇಲೆ ಆರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಮೂರು ತಿಂಗಳಿಂದ ಓಡಿಸುತ್ತಿದ್ದೇನೆ. ಐಡ್ಲಿಂಗಿನಲ್ಲಿ ನಡುಗುತ್ತದೆ, ಕೆಲವು ಸಲ ಆಫ್ ಆಗುತ್ತದೆ. ಟ್ರಾಫಿಕ್ಕಿನಲ್ಲಿ ಹೀಟ್ ಮುಳ್ಳು ಏರುತ್ತದೆ. ಹಿಂದಿನ ಬಾಗಿಲ ಲಾಕ್ ಬೀಳುವುದಿಲ್ಲ. ಮೊದಲ ಗೇರಿನಲ್ಲಿ ಹೊರಡುವಾಗ ಕೆಳಗೆ ‘ಡಕ್’ ಅನ್ನುತ್ತದೆ. ಒಂದು ಗ್ಯಾರೇಜಿನವರು ‘ಕಂಪ್ಯೂಟರ್ ಹೋಗಿದೆ’ ಎಂದು ಒಂದೂವರೆ ಲಕ್ಷದ ಎಸ್ಟಿಮೇಟ್ ಕೊಟ್ಟರು. ನಾನೇ ರಿಪೇರಿ ಮಾಡಿಕೊಳ್ಳಬಹುದಾ? ಹೊಸ ಕಾರು ಹೊಗಳುವುದು ಬಿಟ್ಟು ಇಂಥದ್ದನ್ನೂ ಒಮ್ಮೆ ಬರೆಯಿರಿ.
– ಸಕಲೇಶಪುರದ ಓದುಗರು (ಭಾವಮೈದುನನದೇ ಗ್ಯಾರೇಜ್ ಇರುವುದರಿಂದ ಹೆಸರು ಬೇಡ ಅಂದಿದ್ದಾರೆ)

ನಮಸ್ಕಾರ ಸರ್. ಕೊನೆಯ ಸಾಲಿನ ಏಟು ಸರಿಯಾದ ಜಾಗಕ್ಕೇ ಬಿತ್ತು. ಹಾಗಾಗಿ ಈ ತಿಂಗಳ ಈ ಪುಟ ಪೂರ್ತಿ ನಿಮ್ಮದು.

ನೀವೇ ಮಾಡಿಕೊಳ್ಳಬಹುದಾ? ಅರ್ಧ ಮಾಡಬಹುದು. ಯಾವ ಅರ್ಧ ಅನ್ನುವುದನ್ನೇ ಹೇಳುತ್ತೇನೆ.

ಮೊದಲು ಕಾರಿನ ಜಾತಕ. ಇದನ್ನು ಬಲ್ಲವರು ‘ಡಬ್ಲ್ಯು 124’ ಅನ್ನುತ್ತಾರೆ. ಜರ್ಮನಿಯಲ್ಲಿ 1984ರಲ್ಲಿ ಬಂದ ಮಾದರಿ. ನಮ್ಮ ದೇಶದಲ್ಲಿ 1995ರಿಂದ ಪುಣೆ ಪಕ್ಕದ ಪಿಂಪ್ರಿಯಲ್ಲಿ, ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಕಾರ್ಖಾನೆಯ ಆವರಣದಲ್ಲಿ ಜೋಡಿಸಿ ಮಾರಿದರು. ನಿಮ್ಮದು ಅಲ್ಲಿಂದಲೇ ಬಂದಿರಬೇಕು. ಈ ಎಂಜಿನ್ನಿಗೆ 1,14,000 ಕಿ.ಮೀ. ಏನೇನೂ ಅಲ್ಲ. ಟೈಮಿಂಗ್ ಬೆಲ್ಟ್ ತುಂಡಾಗುವ ಭಯವೂ ಇಲ್ಲ, ಒಳಗಿರುವುದು ಚೈನು. ಆದರೆ ರಬ್ಬರು, ಪ್ಲಾಸ್ಟಿಕ್ಕು, ವೈರು ಇವಕ್ಕೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ. ಅವು ಕ್ಯಾಲೆಂಡರ್ ನೋಡಿಕೊಂಡು ಹಾಳಾಗುತ್ತವೆ. ನೀವು ಬರೆದ ನಾಲ್ಕು ತಕರಾರೂ ಬಹುಪಾಲು ಆ ಮೂರರಲ್ಲೇ ಇವೆ ಅಂತ ನನ್ನ ಅಂದಾಜು.

ನಡುಗುವುದು, ಆಫ್ ಆಗುವುದು. ಕಂಪ್ಯೂಟರ್ ಹೋಗಿರಬಹುದು, ಆದರೆ ಅದು ಕೊನೆಯ ಅನುಮಾನವಾಗಬೇಕು. ಮೊದಲ ಅನುಮಾನ ಎಂಜಿನ್ ವೈರಿಂಗ್ ಮೇಲೆ. 1990ರ ದಶಕದ ಮೊದಲ ಭಾಗದಲ್ಲಿ ಈ ಕಾರುಗಳ ಎಂಜಿನ್ ವೈರಿಗೆ ಪರಿಸರಕ್ಕೆ ಒಳ್ಳೆಯದು ಎಂದು ಮಣ್ಣಲ್ಲಿ ಕರಗುವಂಥ ಹೊದಿಕೆ ಹಾಕುತ್ತಿದ್ದರು. ಉದ್ದೇಶ ಒಳ್ಳೆಯದೇ. ಎಂಜಿನ್ ಬಿಸಿಗೆ ಅದು ಮಣ್ಣು ಸೇರುವ ಮುಂಚೆ ಬಾನೆಟ್ ಒಳಗೇ ಪುಡಿಯಾಗತೊಡಗಿತು! ಒಳಗಿನ ತಾಮ್ರದ ಎಳೆಗಳು ಒಂದಕ್ಕೊಂದು ತಗುಲಿ ಎಂಜಿನ್ ಕಂಪ್ಯೂಟರಿಗೆ ಸುಳ್ಳು ಸುದ್ದಿ ಹೋಗುತ್ತದೆ. ಕಂಪ್ಯೂಟರ್ ಪಾಪ, ಬಂದ ಸುದ್ದಿಯಂತೆ ನಡೆದುಕೊಳ್ಳುತ್ತದೆ, ಬೈಗುಳವೂ ಅದಕ್ಕೇ.

ಇದನ್ನು ನೋಡಲು ಮೆಕ್ಯಾನಿಕ್ ಬೇಕಿಲ್ಲ. ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ. (ಕಂಪನಿ ರೇಡಿಯೊ ಇನ್ನೂ ಇದ್ದರೆ ಆಮೇಲೆ ಕೋಡ್ ಕೇಳಬಹುದು, ಅಪ್ಪನ ಕಾಗದಪತ್ರದಲ್ಲಿ ಹುಡುಕಿಟ್ಟುಕೊಳ್ಳಿ.) ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಹತ್ತಿರ ವೈರು ಪ್ಲಗ್ಗಿನೊಳಗೆ ಹೋಗುವ ಜಾಗದಲ್ಲಿ ರಬ್ಬರ್ ಟೋಪಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ. ಒಳಗಿನ ಹೊದಿಕೆ ಬಿಸ್ಕತ್ತಿನ ಹಾಗೆ ಉದುರಿದರೆ ರೋಗ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿ. ಟೇಪ್ ಸುತ್ತಬೇಡಿ, ಒಂದು ಕಡೆ ಸುತ್ತಿದರೆ ಇನ್ನೊಂದು ಕಡೆ ಉದುರುತ್ತದೆ. ಪೂರ್ತಿ ವೈರಿಂಗ್ ಬದಲಾಯಿಸಬೇಕು, ಇಲ್ಲವೇ ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಶಾಖ ತಡೆಯುವ ವೈರು ಹಾಕಿಸಿ ಹೊಸದಾಗಿ ಕಟ್ಟಿಸಬೇಕು. ಹೊದಿಕೆ ಗಟ್ಟಿಯಾಗಿದ್ದರೆ ಈ ಅನುಮಾನ ಬಿಡಿ. ಆರು ವರ್ಷ ಮಲೆನಾಡಿನ ಶೆಡ್ಡು ಅಂದಿರಲ್ಲ, ಇಲಿ ಕಡಿದ ಗುರುತು ಇದೆಯಾ ಅಂತ ಟಾರ್ಚ್ ಹಿಡಿದು ಅದನ್ನೂ ನೋಡಿಬಿಡಿ.

ಎರಡನೇ ಅನುಮಾನ ಗಾಳಿ ಸೋರಿಕೆ. ಎಂಜಿನ್ನಿಗೆ ಗಾಳಿ ಎಳೆಯುವ ಜಾಗದ ಸುತ್ತ ಬೆರಳು ಗಾತ್ರದ ರಬ್ಬರ್ ಪೈಪುಗಳಿವೆ. ಬಗ್ಗಿಸಿ ನೋಡಿ, ಸೀಳು ಕಂಡರೆ ಬದಲಾಯಿಸಿ. ಇದು ನೂರಾರು ರೂಪಾಯಿಯ ಮಾತು, ಲಕ್ಷದ್ದಲ್ಲ. ಎಂಜಿನ್ ಓಡುತ್ತಿರುವಾಗ ಒಂದು ಮೊಳದ ಖಾಲಿ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಈ ಪೈಪುಗಳ ಹತ್ತಿರ ಹಿಡಿದರೆ ‘ಸುಂಯ್’ ಅನ್ನುವ ಜಾಗ ಗೊತ್ತಾಗುತ್ತದೆ. ಶರ್ಟಿನ ತೋಳು ಮಡಚಿಕೊಳ್ಳಿ, ಫ್ಯಾನಿನಿಂದ ದೂರ ಇರಿ.

ಪೆಟ್ರೋಲ್ ಪೈಪುಗಳದ್ದು ಬೇರೆಯೇ ಕತೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. 1996ರ ರಬ್ಬರನ್ನು ಅದಕ್ಕಾಗಿ ಮಾಡಿದ್ದಲ್ಲ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಪೈಪು ಮೆತ್ತಗಾಗಿದ್ದರೆ, ಬೆವರಿದಂತೆ ಕಂಡರೆ, ಪೆಟ್ರೋಲ್ ವಾಸನೆ ಬಂದರೆ, ಆ ದಿನ ಕಾರು ತೆಗೆಯಬೇಡಿ. ಒಳಗೆ ಪ್ರೆಷರ್ ಇರುತ್ತದೆ, ಬಿಚ್ಚುವ ಕೆಲಸ ಗ್ಯಾರೇಜಿನವರದು.

ಹೀಟಿಗೆ ಬರೋಣ. ಟ್ರಾಫಿಕ್ಕಿನಲ್ಲಿ ಏರಿ, ಹೈವೇಗೆ ಬಂದರೆ ಇಳಿಯುತ್ತದಾ? ನೀವು ಬರೆದಿಲ್ಲ, ನೋಡಿ. ಇಳಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ, ತಪ್ಪು ಫ್ಯಾನುಗಳ ಕಡೆ. ಓಡುವಾಗಲೂ, ಘಾಟಿ ಹತ್ತುವಾಗಲೂ ಏರಿದರೆ ನೀರು ಸರಿಯಾಗಿ ಸುತ್ತುತ್ತಿಲ್ಲ. ಆಗ ಥರ್ಮೋಸ್ಟಾಟ್ (ಬಿಸಿ ನೋಡಿ ನೀರಿನ ದಾರಿ ತೆರೆಯುವ ವಾಲ್ವು), ವಾಟರ್ ಪಂಪು, ಕಟ್ಟಿಕೊಂಡ ರೇಡಿಯೇಟರ್ ಕಡೆ ನೋಡಬೇಕು.

ಇಲ್ಲಿ ನನ್ನ ದಡ್ಡತನ ಒಂದು ಹೇಳಿಬಿಡುತ್ತೇನೆ. ಹಿಂದೆ ನನ್ನ ಹತ್ತಿರ ಇದೇ ಮಾದರಿಯ ಡೀಸೆಲ್ ಇತ್ತು. ಇದೇ ತಕರಾರು. ಯಾರನ್ನೂ ಕೇಳದೆ, ಏನನ್ನೂ ನೋಡದೆ, ಹೊಸ ರೇಡಿಯೇಟರ್ ತರಿಸಿದೆ. ಹಳೆಯದನ್ನು ಬಿಚ್ಚಿದಾಗ ಅದರ ಮತ್ತು ಎಸಿ ಕಂಡೆನ್ಸರಿನ (ಎಸಿಯ ಬಿಸಿ ಹೊರಹಾಕುವ ಜಾಲರಿ) ನಡುವೆ ಕಂಬಳಿ ಹಾಸಿದಂತೆ ಧೂಳು, ಹತ್ತಿ, ಒಣಗಿದ ಬೇವಿನ ಎಲೆ. ರೇಡಿಯೇಟರಿಗೆ ಏನೂ ಆಗಿರಲಿಲ್ಲ. ಮೆಲ್ಲಗೆ ನೀರು ಬಿಟ್ಟು ತೊಳೆದಿದ್ದರೆ ಸಾಕಿತ್ತು. ಆ ಹಳೆಯ ರೇಡಿಯೇಟರ್ ಇನ್ನೂ ಅಟ್ಟದ ಮೇಲಿದೆ, ನಮ್ಮ ಮನೆಯವರು ದೀಪಾವಳಿ ಗುಡಿಸುವಾಗ ತಪ್ಪದೆ ನೆನಪಿಸುತ್ತಾರೆ.

ತೊಳೆದ ಮೇಲೆ ಎಸಿ ಹಾಕಿ, ಎಂಜಿನ್ ಓಡುತ್ತಿರುವಂತೆಯೇ ಐದು ನಿಮಿಷ ಕಾರು ನಿಲ್ಲಿಸಿ. ಗ್ರಿಲ್ಲಿನ ಹಿಂದೆ ಇರುವ ಎರಡು ಕರೆಂಟ್ ಫ್ಯಾನುಗಳು ನಿಧಾನಕ್ಕೆ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ಆ ಫ್ಯಾನಿನ ವೇಗ ತಗ್ಗಿಸುವ ರೆಸಿಸ್ಟರ್ ನೋಡಿಸಿ. ಅದು ಸುಡುವುದು ಈ ಕಾರುಗಳಲ್ಲಿ ಮಾಮೂಲು. ಈ ಕಾರಿನ ಫ್ಯೂಸುಗಳು ಗುಂಡಿನ ಆಕಾರದವು, ಎರಡೂ ತುದಿಯಲ್ಲಿ ಕಿಲುಬು ಹಿಡಿಯುತ್ತದೆ. ಒಂದೊಂದನ್ನೂ ಬೆರಳಲ್ಲಿ ತಿರುಗಿಸಿದರೆ ಸತ್ತ ಎಷ್ಟೋ ಸ್ವಿಚ್ಚುಗಳು ಎದ್ದು ಕೂರುತ್ತವೆ. ಪೂರ್ತಿ ಸೆಟ್ ಬದಲಾಯಿಸಿದರೂ ಖರ್ಚು ಕಡಿಮೆಯೇ.

ನಲ್ಲಿ ನೀರು, ಬೋರ್ ನೀರು ಮಾತ್ರ ಹಾಕಬೇಡಿ. ಎಂಜಿನ್ ಹೆಡ್ ಅಲ್ಯುಮಿನಿಯಂನದು, ಒಳಗಿಂದ ತಿಂದುಹೋಗುತ್ತದೆ. ಸರಿಯಾದ ಕೂಲೆಂಟ್, ಡಿಸ್ಟಿಲ್ಡ್ ನೀರು, ಅರ್ಧಕ್ಕರ್ಧ. ಬಿಸಿಯಿರುವಾಗ ಮುಚ್ಚಳ ಮುಟ್ಟಬಾರದು ಅಂತ ನಿಮಗೆ ಹೇಳಬೇಕಿಲ್ಲ, ಆದರೂ ಹೇಳಿದೆ.

ಬಾಗಿಲ ಲಾಕ್ ನಿಮ್ಮದೇ ಕೆಲಸ, ಖುಷಿಯ ಕೆಲಸ ಕೂಡ. ಈ ಕಾರಿನಲ್ಲಿ ಸೆಂಟ್ರಲ್ ಲಾಕ್ ನಡೆಯುವುದು ಗಾಳಿಯಿಂದ. ಪಂಪು ಹಿಂದಿನ ಸೀಟಿನ ಕೆಳಗಿದೆ. ಲಾಕ್ ಮಾಡಿ ಸೀಟಿಗೆ ಕಿವಿಗೊಡಿ. ಒಂದೆರಡು ಸೆಕೆಂಡಿಗೆ ನಿಂತರೆ ಸರಿ. ಗೊರ್ ಅಂತ ಓಡುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಲಾಕ್ ಬೀಳದ ಬಾಗಿಲಿಗೆ ಹೋಗುವ ಸಣ್ಣ ಕೊಳವೆಯನ್ನು, ಅದರ ರಬ್ಬರ್ ಜೋಡಣೆಯನ್ನು ನೋಡಿ. ಬಾಗಿಲು ಮಡಚುವ ಕಡೆ ಮುರಿಯುವುದು ಜಾಸ್ತಿ.

‘ಡಕ್’ ಶಬ್ದಕ್ಕೆ ಹೆಚ್ಚಾಗಿ ಕಾರಣ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಗಳಲ್ಲಿರುವ ದಪ್ಪ ರಬ್ಬರ್ ಬಿಲ್ಲೆ. ಎಂಜಿನ್ ಕೂರಿಸಿರುವ ರಬ್ಬರ್ ಮೌಂಟೂ ಆಗಿರಬಹುದು. ಬಿಲ್ಲೆಯಲ್ಲಿ ಸೀಳು ಇದೆಯಾ ಅಂತ ಗ್ಯಾರೇಜಿನ ಲಿಫ್ಟ್ ಮೇಲೆ ನೀವೇ ನಿಂತು ನೋಡಿ, ಬದಲಾವಣೆ ಅವರಿಗೇ ಬಿಡಿ. ಮನೆಯಲ್ಲಿ ಜಾಕಿ ಕೊಟ್ಟು ಕೆಳಗೆ ತೂರಬೇಡಿ. ಸೈಜುಗಲ್ಲು, ಸಿಮೆಂಟ್ ಬ್ಲಾಕು ಇಟ್ಟುಕೊಂಡೂ ಬೇಡ. ಬ್ಲಾಕು ಸದ್ದಿಲ್ಲದೆ ಪುಡಿಯಾಗುತ್ತದೆ. ಸ್ಪ್ರಿಂಗ್, ಏರ್‌ಬ್ಯಾಗ್, ಬ್ರೇಕ್ ಈ ಮೂರನ್ನೂ ವಿಡಿಯೊ ನೋಡಿ ಕಲಿಯಲು ಹೋಗಬೇಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು, ನಿಮ್ಮದು ಆರು ವರ್ಷ ಶೆಡ್ಡಿನಲ್ಲಿ ನೀರು ಕುಡಿದಿದೆ. ಈ ವಾರವೇ ಮಾಡಿಸಿ. ಭಾವಮೈದುನ ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಸಾಮಾನು ಕೊಳ್ಳುವಾಗ ‘1996 ಬೆಂಜಿನದು ಕೊಡಿ’ ಅನ್ನಬೇಡಿ. ಹಳೆಯ ಸಾಮಾನಿನ ಮೇಲೆ ಉದ್ದನೆಯ ನಂಬರ್ ಇರುತ್ತದೆ. ಮೊದಲ ಮೂರು ಅಂಕಿ 124 ಇದ್ದರೆ ಬಾಡಿಯದು, 111 ಇದ್ದರೆ ನಿಮ್ಮ ಎಂಜಿನ್ನಿನದು. ಅದರ ಫೋಟೊ ತೆಗೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಬನ್ನಿ. ನಂಬರ್ ತೋರಿಸಿದವರ ಹತ್ತಿರ ಅಂಗಡಿಯವರ ಮಾತೇ ಬೇರೆ. ಬಾಷ್, ಲೆಮ್‌ಫೋರ್ಡರ್, ಮಾನ್ ಹೆಸರಿನ ಡಬ್ಬಿಯಲ್ಲಿ ಸಿಕ್ಕರೆ ಧೈರ್ಯವಾಗಿ ಕೊಳ್ಳಿ, ಡಬ್ಬಿಯೇ ಡೂಪ್ಲಿಕೇಟ್ ಅಲ್ಲದಿದ್ದರೆ!

ಮರೆತಿದ್ದೆ. ಈ ಕಾರಿನ ಬಾನೆಟ್ಟನ್ನು ಕೀಲಿನ ಹತ್ತಿರದ ತಡೆ ಒತ್ತಿ ನೆಟ್ಟಗೆ ಆಕಾಶಕ್ಕೆ ನಿಲ್ಲಿಸಬಹುದು. ಸೊಂಟಕ್ಕೆ ಅದಕ್ಕಿಂತ ಉಪಕಾರ ಇನ್ನೊಂದಿಲ್ಲ. ಶೆಡ್ಡಿನ ಸೂರು ತಗ್ಗಿದ್ದರೆ ಕಾರನ್ನು ಅಂಗಳಕ್ಕೆ ತಂದು ಎತ್ತಿ. ಎತ್ತಿದಾಗ ಗಾಜಿನ ಬುಡದಲ್ಲಿ ಸೇರಿರುವ ಎಲೆಗಳನ್ನು ಬಾಚಿ ತೆಗೆಯಿರಿ. ನೀರು ಇಳಿಯುವ ತೂತು ಕಟ್ಟಿಕೊಂಡರೆ ನಿಮ್ಮ ಕಡೆಯ ಮಳೆಗೆ ತಗಡು ಉಳಿಯುವುದಿಲ್ಲ.

ಇದೆಲ್ಲಕ್ಕೂ ಮುಂಚೆ, ನಾಳೆ ಬೆಳಿಗ್ಗೆ ಟೈರು ನೋಡಿ. ಪಕ್ಕದಲ್ಲಿ ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಅಂದರೆ 2014ರ 23ನೇ ವಾರ. ಶೆಡ್ಡಿನಲ್ಲಿ ನಿಂತ ಟೈರಿನ ಗೀರು ಹೊಸದರಂತೆ ಕಾಣುತ್ತದೆ, ನಂಬಬೇಡಿ. ಹತ್ತು ವರ್ಷ ದಾಟಿದ್ದರೆ ಐದನ್ನೂ ಬದಲಾಯಿಸಿ. ಅಲ್ಲಿಯವರೆಗೆ ಶಿರಾಡಿ ಘಾಟಿ ಇಳಿಯಬೇಡಿ.