ಆರು ಗೋಲು ತಿಂದ ಕ್ಲಬ್‌ಗೆ ಎರಡು ಪುಟ ಯಾಕೆ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಬರ್ಲಿನ್ನಿನ ತುಸ್ ಮಕ್ಕಾಬಿ ಎಂಬ ಯಹೂದಿ ಫುಟ್‌ಬಾಲ್ ಕ್ಲಬ್ ಬಗ್ಗೆ ಎರಡು ಪುಟ ಬರೆದಿದ್ದೀರಿ. ಜರ್ಮನಿಯ ಐದನೇ ಹಂತದ ತಂಡ. ಕಪ್ ಪಂದ್ಯದಲ್ಲಿ 0-6ರಿಂದ ಸೋತಿದೆ. ಬರೆಯುವಂಥದ್ದು ಏನಿದೆ ಅದರಲ್ಲಿ? ಇನ್ನೊಂದು ಮಾತು. ಧರ್ಮದ ಹೆಸರಲ್ಲಿ ಕ್ಲಬ್ ಕಟ್ಟುವುದನ್ನು ನಿಮ್ಮಂಥ ಪತ್ರಿಕೆ ಹೊಗಳಬಹುದೇ? ಮೈದಾನಕ್ಕೆ ಇಳಿದ ಮೇಲೆ ಜಾತಿ, ಧರ್ಮ ಕೇಳಬಾರದು ಅಂತ ನಾನು ಮಕ್ಕಳಿಗೆ ಕಲಿಸಿದವನು." (ನಿವೃತ್ತ ಡ್ರಿಲ್ ಮೇಷ್ಟ್ರು, ದಾವಣಗೆರೆ)

ಮೇಷ್ಟ್ರೇ, ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಬೈದು ಬರೆದ ಪತ್ರವಾದರೂ ಪೂರ್ತಿ ಲೇಖನ ಓದಿ ಬರೆದಿದ್ದೀರಿ. ಅದಕ್ಕೆ ಮೊದಲು ನಮಸ್ಕಾರ. ಅಂಥ ಓದುಗರಿಗೆ ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ.

ನಿಮ್ಮ ಎರಡನೇ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇನೆ. ಧರ್ಮಕ್ಕೊಂದು ತಂಡ ಮಾಡಿದರೆ ಏನಾಗುತ್ತದೆ ಅನ್ನುವುದನ್ನು ನಾವು ಮುಂಬೈಯಲ್ಲಿ ನೋಡಿದ್ದೇವೆ. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು ಅಂತ ಬೇರೆಬೇರೆಯಾಗಿ ಕ್ರಿಕೆಟ್ ಆಡಿದರು. 1937ರಲ್ಲಿ 'ಇತರರು' ಅಂತ ಐದನೇ ತಂಡವೂ ಸೇರಿತು. ಕ್ರೈಸ್ತರು, ಯಹೂದಿಗಳು ಎಲ್ಲ ಅದರಲ್ಲಿ. 1940ರಲ್ಲಿ ಗಾಂಧೀಜಿ ಇದು ಬೇಡ ಅಂದರು. 1946ರಲ್ಲಿ ನಿಂತಿತು, ಒಳ್ಳೆಯದೇ ಆಯಿತು. ಇಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ.

ಆದರೆ ಯಹೂದಿ ಕ್ಲಬ್‌ಗಳನ್ನೂ ಅದೇ ಸಾಲಿಗೆ ಸೇರಿಸಿದ್ದೀರಲ್ಲ, ಅಲ್ಲಿ ನಾನು ನಿಮ್ಮ ಜೊತೆ ಬರಲಾರೆ. ಪಂಕ್ತಿಯಿಂದ ಎಬ್ಬಿಸಿ ಕಳಿಸಿದವನು ಬೇರೆ ಒಲೆ ಹೂಡಿದರೆ, ಯಾಕಪ್ಪಾ ಬೇರೆ ಒಲೆ ಅಂತ ಅವನನ್ನೇ ಕೇಳಿದ ಹಾಗಾಯಿತು.

ವಿಯೆನ್ನಾದ ಕತೆ ಕೇಳಿ. 20ನೇ ಶತಮಾನದ ಶುರುವಿನಲ್ಲಿ ಅಲ್ಲಿನ ಎಷ್ಟೋ ಕ್ರೀಡಾ ಕ್ಲಬ್‌ಗಳು ಯಹೂದಿಗಳಿಗೆ ಸದಸ್ಯತ್ವ ಇಲ್ಲ ಅಂತ ನಿಯಮಾವಳಿಯಲ್ಲೇ ಬರೆದುಕೊಂಡಿದ್ದವು. ಈಜಲು ಹೋದರೆ ಇಲ್ಲ, ಕುಸ್ತಿಗೆ ಹೋದರೆ ಇಲ್ಲ. 1909ರಲ್ಲಿ ಕೆಲವರು ಸೇರಿ ಹಕೋಆ ಎಂಬ ಕ್ಲಬ್ ಕಟ್ಟಿದರು. ಕಟ್ಟಿದವರಲ್ಲಿ ಫ್ರಿಟ್ಸ್ ಲ್ಯೋನರ್-ಬೇಡಾ ಒಬ್ಬರು. ಸಂಗೀತಕಾರ ಲೆಹಾರ್‌ನ ಆಪರೆಟ್ಟಾಗಳಿಗೆ, ಅಂದರೆ ಲಘು ಸಂಗೀತ ನಾಟಕಗಳಿಗೆ, ಹಾಡು ಬರೆದ ಕವಿ. ವಿಯೆನ್ನಾದ ಜನ ಅವರ ಹಾಡುಗಳನ್ನು ಬಾಯಿಪಾಠ ಹಾಡುತ್ತಿದ್ದರು. 1942ರಲ್ಲಿ ಅದೇ ಮನುಷ್ಯನನ್ನು ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಸ್‌ನಲ್ಲಿ ಕೊಂದರು.

ಹಕೋಆದ ಫುಟ್‌ಬಾಲ್ ತಂಡ ಕೆಳಗಿನ ವಿಭಾಗದಿಂದಲೇ ಶುರುಮಾಡಿತು. ಮೈದಾನಗಳಲ್ಲಿ ಬೈಗುಳ, ಕಲ್ಲು ಎರಡೂ ಬೀಳುತ್ತಿದ್ದವು. ಕ್ಲಬ್ಬಿನ ಕುಸ್ತಿ ಪೈಲ್ವಾನರು ಸಹ ಆಟಗಾರರಿಗೆ ಕಾವಲಾಗಿ ಹೋಗುತ್ತಿದ್ದರು. ಆ ಪೈಲ್ವಾನರಲ್ಲಿ ಒಬ್ಬ, ಮಿಕಿ ಹಿರ್ಶಲ್, 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾಕ್ಕೆ ಎರಡು ಕಂಚು ತಂದ. ಅವನನ್ನು ಸೇರಿಸಿಕೊಳ್ಳದ ಕ್ಲಬ್‌ಗಳದ್ದು ಯಾವ ದೇಶಭಕ್ತಿ, ಹೇಳಿ ಮೇಷ್ಟ್ರೇ.

1923ರಲ್ಲಿ ಹಕೋಆ ಲಂಡನ್ನಿಗೆ ಹೋಗಿ ವೆಸ್ಟ್ ಹ್ಯಾಮ್ ತಂಡವನ್ನು 5-0ರಿಂದ ಸೋಲಿಸಿತು. ಅದೇ ವರ್ಷ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್ ಆಡಿದ್ದ ಕ್ಲಬ್ ಅದು. ವೆಸ್ಟ್ ಹ್ಯಾಮ್ ಅಂದು ಎರಡನೇ ದರ್ಜೆಯ ಆಟಗಾರರನ್ನೇ ಜಾಸ್ತಿ ಇಳಿಸಿತ್ತು, ನಿಜ. ಆದರೂ ಇಂಗ್ಲೆಂಡಿನ ನೆಲದಲ್ಲಿ ಹೊರಗಿನವರು ಹಾಗೆ ಗೆಲ್ಲುವುದು ಆಗ ಯಾರೂ ಊಹಿಸದ ಮಾತು. ಎರಡು ವರ್ಷದ ನಂತರ, 1925ರಲ್ಲಿ, ಆಸ್ಟ್ರಿಯಾದ ಲೀಗ್ ಪ್ರಶಸ್ತಿ. ಅದನ್ನು ಗೆದ್ದ ರೀತಿ ನೋಡಿ. ನಿರ್ಣಾಯಕ ಪಂದ್ಯದಲ್ಲಿ ಗೋಲ್‌ಕೀಪರ್ ಶಾಂಡೋರ್ ಫಾಬಿಯಾನ್ ಕೈ ಮುರಿದುಕೊಂಡ. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಕೈಗೆ ಜೋಳಿಗೆ ಕಟ್ಟಿಕೊಂಡು ಫಾರ್ವರ್ಡ್ ಜಾಗಕ್ಕೆ ಬಂದು ನಿಂತ. ಗೆಲುವಿನ ಗೋಲು ಹೊಡೆದವನೂ ಅವನೇ. 3-2. ಮಕ್ಕಳಿಗೆ ಆಟ ಕಲಿಸಿದ ನಿಮಗೆ ಇದು ಬರೆಯುವಂಥ ವಿಷಯ ಹೌದೋ ಅಲ್ಲವೋ ಅಂತ ನಾನು ಹೇಳಬೇಕಾಗಿಲ್ಲ.

1926ರಲ್ಲಿ ತಂಡ ಅಮೆರಿಕಕ್ಕೆ ಹೋಯಿತು. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಸುಮಾರು 46,000 ಜನ ಸೇರಿದರು. ಅಲ್ಲಿ ದುಡ್ಡು ಜಾಸ್ತಿ, ಕಾಟ ಕಡಿಮೆ. ಒಳ್ಳೊಳ್ಳೆಯ ಆಟಗಾರರು ಅಲ್ಲೇ ಉಳಿದುಬಿಟ್ಟರು. ಬೇಲಾ ಗುಟ್‌ಮನ್ ಕೂಡ. ಅದೇ ಗುಟ್‌ಮನ್ 1961, 1962ರಲ್ಲಿ ಬೆನ್ಫಿಕಾ ತಂಡಕ್ಕೆ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ ಕೋಚ್. ಎಲ್ಲರೂ ಅವರ ಈ ಎರಡು ಕಪ್‌ಗಳನ್ನು ಹೇಳುತ್ತಾರೆ, ಹಕೋಆವನ್ನು ಹೇಳುವವರು ಕಡಿಮೆ.

ಆಟಗಾರರು ಹೋದ ಮೇಲೆ ಹಕೋಆ ಎರಡನೇ ವಿಭಾಗಕ್ಕೆ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ನನಗೆ ಹೆಚ್ಚು ಹತ್ತಿರವಾದದ್ದು ಈ ವರ್ಷಗಳು. ಪ್ರಶಸ್ತಿ ಇಲ್ಲ, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಇಲ್ಲ. ಭಾನುವಾರ ಬಂದರೆ ತಂಡ ಇಳಿಯಿತು, ಆಡಿತು. ಸುತ್ತಲೂ ದ್ವೇಷ ಏರುತ್ತಿದ್ದಾಗ ಸುಮ್ನೆ ಆಡುತ್ತಲೇ ಇರುವುದಕ್ಕೆ ಎಷ್ಟು ಧೈರ್ಯ ಬೇಕು! 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಕ್ಲಬ್ಬಿಗೆ ಬೀಗ ಬಿತ್ತು, ಮೈದಾನ ಕಸಿದುಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ. ಆ ಸಾಲಿನಲ್ಲಿ ಹಕೋಆ ಆಡಿದ ಪಂದ್ಯಗಳ ಫಲಿತಾಂಶಗಳನ್ನೇ ರದ್ದುಮಾಡಿದರು. ಗೆದ್ದದ್ದೂ ಇಲ್ಲ, ಸೋತದ್ದೂ ಇಲ್ಲ, ಆಡಿಯೇ ಇಲ್ಲ ಅನ್ನುವ ಹಾಗೆ.

ಇದೇ ಕ್ಲಬ್ಬಿನ ಈಜುಗಾರ್ತಿ ಯೂಡಿತ್ ಡಾಯ್ಚ್. ಅವಳು ಮತ್ತು ಇಬ್ಬರು ಗೆಳತಿಯರು 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗುವುದಿಲ್ಲ ಅಂದರು. ಆಸ್ಟ್ರಿಯಾದ ಈಜು ಸಂಸ್ಥೆ ಅವರ ಮೇಲೆ ನಿಷೇಧ ಹಾಕಿತು, ದಾಖಲೆಗಳನ್ನು ಅಳಿಸಿತು. ಅದು ಹಿಟ್ಲರ್ ಬರುವುದಕ್ಕೂ ಮೊದಲಿನ ಆಸ್ಟ್ರಿಯಾ ಅನ್ನುವುದು ನೆನಪಿರಲಿ. ತಪ್ಪಾಯಿತು ಅಂತ ಒಪ್ಪಿಕೊಂಡು ದಾಖಲೆ ಮತ್ತೆ ಬರೆದದ್ದು 1995ರಲ್ಲಿ.

ಪಟ್ಟಿಯಿಂದ ಹೆಸರು ಅಳಿಸುವ ಕೆಲಸದಲ್ಲಿ ಪತ್ರಿಕೆಗಳ ಕೈಯೂ ಇದೆ. ಸಂಪಾದಕನಾಗಿ ಇದನ್ನು ಹೇಳುವುದು ಕಷ್ಟವೇ. ಜರ್ಮನಿಯ ಹೆಸರಾಂತ ಫುಟ್‌ಬಾಲ್ ಪತ್ರಿಕೆ 'ಕಿಕರ್' ಅನ್ನು 1920ರಲ್ಲಿ ಶುರುಮಾಡಿದವರು ವಾಲ್ಟರ್ ಬೆನ್ಸೆಮಾನ್, ಒಬ್ಬ ಯಹೂದಿ. ನಾಜಿಗಳು ಬಂದ ಮೇಲೆ ಅವರು ದೇಶ ಬಿಟ್ಟರು, 1934ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು. ಅದೇ ಪತ್ರಿಕೆ 1939ರಲ್ಲಿ ಜರ್ಮನ್ ರಾಷ್ಟ್ರೀಯ ತಂಡದ ಆಟಗಾರರ ಚಿತ್ರಗಳ ಆಲ್ಬಂ ತಂದಿತು. ಅದರಲ್ಲಿ ಇಬ್ಬರು ಇಲ್ಲ. ಒಬ್ಬರು ಗಾಟ್‌ಫ್ರೀಡ್ ಫುಕ್ಸ್. 1912ರ ಒಲಿಂಪಿಕ್ಸ್‌ನಲ್ಲಿ ರಷ್ಯಾ ವಿರುದ್ಧ ಒಂದೇ ಪಂದ್ಯದಲ್ಲಿ 10 ಗೋಲು ಹೊಡೆದವರು. ಇನ್ನೊಬ್ಬರು ಅವರ ಕಾರ್ಲ್‌ಸ್ರೂಹೆ ಕ್ಲಬ್ಬಿನ ಜೊತೆಗಾರ ಯೂಲಿಯುಸ್ ಹಿರ್ಶ್.

ಹಿರ್ಶ್ ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ನಾಲ್ಕು ವರ್ಷ ಸೈನ್ಯದಲ್ಲಿದ್ದವರು. ತಮ್ಮ ಒಬ್ಬ ಅಣ್ಣನನ್ನು ಅದೇ ಯುದ್ಧದಲ್ಲಿ ಕಳೆದುಕೊಂಡವರು. 1933ರ ಏಪ್ರಿಲ್‌ನಲ್ಲಿ ದಕ್ಷಿಣ ಜರ್ಮನಿಯ ದೊಡ್ಡ ಕ್ಲಬ್‌ಗಳು ಯಹೂದಿಗಳನ್ನು ಹೊರಹಾಕುತ್ತವೆ ಅಂತ ಪತ್ರಿಕೆಯಲ್ಲಿ ಓದಿದರು. ಅವರು ಹುಡುಗನಾಗಿದ್ದಾಗಿಂದ ಸದಸ್ಯರಾಗಿದ್ದ ಕ್ಲಬ್ಬೂ ಅದರಲ್ಲಿತ್ತು. ಹೊರಹಾಕುವವರೆಗೆ ಕಾಯದೆ ತಾವೇ ರಾಜೀನಾಮೆ ಕೊಟ್ಟರು. ಆಮೇಲೆ ಎಲ್ಲಿಗೆ ಹೋದರು ಗೊತ್ತೇ? ಕಾರ್ಲ್‌ಸ್ರೂಹೆಯ ಸಣ್ಣ ಯಹೂದಿ ಕ್ಲಬ್ ಟರ್ನ್‌ಕ್ಲುಬ್ 03ಕ್ಕೆ. ಅಲ್ಲಿ ಆಡಿದರು, ಕಲಿಸಿದರು. ದೇಶದ ಪರ ಆಡಿದವರಿಗೆ ಉಳಿದ ಮೈದಾನ ಅದೊಂದೇ. 1943ರ ಮಾರ್ಚ್ 1ರಂದು ಅವರನ್ನು ಆಶ್‌ವಿಟ್ಸ್‌ಗೆ ಸಾಗಿಸಿದರು.

ಈಗ ಹೇಳಿ ಮೇಷ್ಟ್ರೇ, ಧರ್ಮದ ಹೆಸರಲ್ಲಿ ಕ್ಲಬ್ ಕಟ್ಟಿದವರು ಯಾರು?

ನಮ್ಮ ಪಕ್ಕದಲ್ಲೇ ಇದಕ್ಕೆ ಉದಾಹರಣೆ ಇದೆ. ಧಾರವಾಡದಲ್ಲಿ ಹುಟ್ಟಿದ ಪಲವಂಕರ ಬಾಲೂ ಪುಣೆಯಲ್ಲಿ ಮೈದಾನ ನೋಡಿಕೊಳ್ಳುತ್ತ, ಬಿಳಿಯರಿಗೆ ಬೌಲಿಂಗ್ ಮಾಡುತ್ತ ದೊಡ್ಡ ಸ್ಪಿನ್ನರ್ ಆದರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು. ಜೊತೆಗೆ ಕೂತು ಚಹಾ ಕುಡಿಯುವುದು ಬೇಡವಾಗಿತ್ತು, ದಲಿತ ಅಂತ. ನಾಯಕತ್ವವಂತೂ ಅವರಿಗೆ ದಕ್ಕಲೇ ಇಲ್ಲ. ಅವರ ತಮ್ಮ ವಿಠ್ಠಲನಿಗೆ ಅದು ಸಿಗುವ ಹೊತ್ತಿಗೆ 1923 ಬಂದಿತ್ತು. ಬಾಲೂ ಬೇಸತ್ತು ತಮ್ಮವರದ್ದೇ ಒಂದು ಕ್ಲಬ್ ಕಟ್ಟಿದ್ದರೆ ನೀವು ಅದನ್ನು ಜಾತಿವಾದ ಅನ್ನುತ್ತಿದ್ದಿರಾ? ನಿಮ್ಮ ಪತ್ರದ ಧಾಟಿ ನೋಡಿದರೆ ಅನ್ನುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಕೆಳ ವಿಭಾಗದ, ಸೋತ ತಂಡದ ಬಗ್ಗೆ ಯಾಕೆ ಬರೆಯಬೇಕು?

ಪೋಲೆಂಡಿನ ಕ್ರಾಕೋವ್‌ನಲ್ಲಿ ಯುಟ್ಶೆಂಕಾ ಅಂತ ಒಂದು ಯಹೂದಿ ಕ್ಲಬ್ ಇತ್ತು. 1927ರ ಮೊದಲ ಪೋಲಿಷ್ ಲೀಗ್‌ನಲ್ಲಿ ಕೊನೆಯ ಸ್ಥಾನ, ಕೆಳಗಿಳಿಯಿತು. ಅಂಕಪಟ್ಟಿ ನೋಡುವವರಿಗೆ ಅಷ್ಟೇ. ಆದರೆ ಪೋಲೆಂಡ್ ರಾಷ್ಟ್ರೀಯ ತಂಡದ ಇತಿಹಾಸದ ಮೊಟ್ಟಮೊದಲ ಗೋಲು ಹೊಡೆದವರು ಯುಟ್ಶೆಂಕಾದ ಯೂಜೆಫ್ ಕ್ಲೋಟ್ಸ್. 1922ರ ಮೇ 28, ಸ್ಟಾಕ್‌ಹೋಮ್, ಸ್ವೀಡನ್ ವಿರುದ್ಧ ಪೆನಾಲ್ಟಿ. ಆ ದೇಶಕ್ಕೆ ಮೊದಲ ಗೆಲುವೂ ಅದೇ, 2-1. ಕ್ಲೋಟ್ಸ್ 1941ರಲ್ಲಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲಿ ಕೊಲೆಯಾದರು. ಲ್ವೂವ್ ನಗರದ ಹಸ್ಮೋನಿಯಾ ಇನ್ನೊಂದು ಯಹೂದಿ ಕ್ಲಬ್. ಎರಡೇ ಸಾಲು ಮೇಲಿನ ಲೀಗ್‌ನಲ್ಲಿದ್ದು ಇಳಿದುಹೋಯಿತು. ಅದರ ಜಿಗ್ಮುಂಟ್ ಶ್ಟಾಯರ್‌ಮನ್ 1926ರಲ್ಲಿ ಪೋಲೆಂಡ್ ಪರ ಮೊದಲ ಪಂದ್ಯದಲ್ಲೇ ಟರ್ಕಿ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಅವರೂ 1941ರಲ್ಲೇ ಹೋದರು. ಗೆದ್ದ ಕ್ಲಬ್‌ಗಳ ಚರಿತ್ರೆ ಮಾತ್ರ ಓದಿದರೆ ಇವರು ಯಾರೂ ಸಿಗುವುದಿಲ್ಲ.

ಲಂಡನ್ನಿನಲ್ಲಿ ಯುದ್ಧ ಮುಗಿದ ಮೇಲೂ ಫ್ಯಾಸಿಸ್ಟರ ಬೀದಿ ಸಭೆಗಳು ನಡೆಯುತ್ತಿದ್ದವು. 1946ರಲ್ಲಿ ಯುದ್ಧದಿಂದ ಮರಳಿದ ಯಹೂದಿ ಹುಡುಗರು ವಿಂಗೇಟ್ ಎಂಬ ಕ್ಲಬ್ ಶುರುಮಾಡಿದರು. ಎದುರುಬದುರು ನಿಂತು ಆಡಿದವರು ದ್ವೇಷ ಬಿಟ್ಟಾರು ಅನ್ನುವುದು ಅವರ ಆಸೆ. ಹೆಸರು ಇಟ್ಟದ್ದು ಬರ್ಮಾ ಯುದ್ಧದ ಜನರಲ್ ಆರ್ಡ್ ವಿಂಗೇಟ್ ನೆನಪಿಗೆ. ಅವರು 1944ರಲ್ಲಿ ವಿಮಾನ ಬಿದ್ದು ಸತ್ತದ್ದು ನಮ್ಮ ಮಣಿಪುರದ ಬೆಟ್ಟಗಳಲ್ಲಿ. ಈ ಕ್ಲಬ್ಬಿನ ಮೈದಾನ ಹೆದ್ದಾರಿಗೆ ಹೋಯಿತು. 1991ರಲ್ಲಿ, 1874ರಿಂದ ಇದ್ದ ಫಿಂಚ್ಲಿ ಕ್ಲಬ್ಬಿನ ಜೊತೆ ಒಂದಾಯಿತು. ಕೆಳ ಹಂತದ ಲೀಗ್‌ನಲ್ಲಿ ಈ ಜೋಡಿ ಕ್ಲಬ್ ಆಡುತ್ತ ಬಂದಿದೆ. ಯಹೂದಿಗಳಲ್ಲದವರೂ ಆಡುತ್ತಾರೆ.

ಮಕ್ಕಾಬಿಯೂ ಹಾಗೆಯೇ. 1898ರಲ್ಲಿ ಬರ್ಲಿನ್ನಿನಲ್ಲಿ ಶುರುವಾದ ಬಾರ್ ಕೋಖ್ಬಾ ಕ್ಲಬ್ಬಿನ ವಾರಸುದಾರ ತಾನು ಅನ್ನುತ್ತದೆ. 1970ರಲ್ಲಿ ಮತ್ತೆ ಕಟ್ಟಿದರು. ಈಗಿನ ತಂಡದಲ್ಲಿ ಯಹೂದಿ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇದ್ದಾರೆ. ಅವರು ಆಡುವ ಮೈದಾನಕ್ಕೆ ಯೂಲಿಯುಸ್ ಹಿರ್ಶ್ ಹೆಸರು. 2023ರಲ್ಲಿ ಬರ್ಲಿನ್ ಕಪ್ ಗೆದ್ದು ಜರ್ಮನ್ ಕಪ್‌ಗೆ ಅರ್ಹತೆ ಪಡೆಯಿತು, ಆ ಕಪ್‌ನಲ್ಲಿ ಆಡಿದ ಮೊದಲ ಯಹೂದಿ ಕ್ಲಬ್ ಆಯಿತು. ಆಗಸ್ಟ್ 13ರಂದು ಮಾಮ್ಸೆನ್ ಸ್ಟೇಡಿಯಂನಲ್ಲಿ ಎದುರಿಗೆ ಬಂದದ್ದು ಜರ್ಮನಿಯ ಮೊದಲ ಹಂತದ ಲೀಗ್ ಬುಂಡೆಸ್‌ಲೀಗಾದ ವೋಲ್ಫ್ಸ್‌ಬರ್ಗ್. ನೀವು ಹೇಳಿದ 0-6 ಅದೇ. ಬಾಗಿಲು ತೆರೆದಿಟ್ಟ ಕ್ಲಬ್ ಯಾವುದು ಅಂತ ಈಗ ನೀವೇ ನೋಡಿ. ಎರಡು ಪುಟ ನನಗೆ ಕಡಿಮೆಯೇ ಅನ್ನಿಸುತ್ತಿದೆ.

ನನ್ನ ನಿಜವಾದ ಸಂಕಟ ಬೇರೆ. ಬರ್ಲಿನ್ನಿನವರು, ಕ್ರಾಕೋವ್‌ನವರು ಇಷ್ಟನ್ನು ಬೂದಿಯಿಂದ ಹೆಕ್ಕಿ ತೆಗೆದಿದ್ದಾರೆ. ಹೆಸರು, ದಿನಾಂಕ, ಗೋಲು ಎಲ್ಲ. ನಮ್ಮಲ್ಲಿ ಯಾರೂ ಸುಡಲಿಲ್ಲ, ನಾವೇ ಕಳೆದುಕೊಂಡೆವು. ಮುಂಬೈಯ ರೋವರ್ಸ್ ಕಪ್ ಫುಟ್‌ಬಾಲ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಒಮ್ಮೆ, 1938ರಲ್ಲಿ ಇನ್ನೊಮ್ಮೆ. ಅಷ್ಟು ವರ್ಷ ಬ್ರಿಟಿಷ್ ಪಲ್ಟನ್ನುಗಳೇ ಗೆಲ್ಲುತ್ತಿದ್ದ ಕಪ್ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಪಂದ್ಯ. ಫ್ರಾನ್ಸ್ ವಿರುದ್ಧ ಎರಡು ಪೆನಾಲ್ಟಿ ಕಳೆದುಕೊಂಡು 1-2ರಿಂದ ಸೋತೆವು. ಆ ಒಂದು ಗೋಲು ಮೈಸೂರು ತಂಡದ ಸಾರಂಗಪಾಣಿ ರಾಮನ್ ಅವರದು. ಪೋಲೆಂಡಿಗೆ ಕ್ಲೋಟ್ಸ್ ಹೇಗೋ ನಮಗೆ ಅವರು ಹಾಗೆ. ನಿಮ್ಮ ಶಿಷ್ಯರಲ್ಲಿ ಎಷ್ಟು ಜನರಿಗೆ ಆ ಹೆಸರು ಗೊತ್ತು? ಮೈಸೂರು ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದ ರಾಜ್ಯ ಅನ್ನುವುದು?

ಹುಡುಗರಿಗೆ ಮ್ಯಾಂಚೆಸ್ಟರ್‌ನ ಬೆಂಚಿನಲ್ಲಿ ಕೂತವರ ಹೆಸರೂ ಗೊತ್ತು. ಶನಿವಾರ ರಾತ್ರಿ ಟಿವಿ ಮುಂದೆ ಕೂತು ಅರಚುತ್ತಾರೆ. ತಪ್ಪು ಅನ್ನುವುದಿಲ್ಲ. ಆದರೆ ತಮ್ಮದೇ ಊರಿನ ಬಿ ಡಿವಿಷನ್, ಸಿ ಡಿವಿಷನ್ ಪಂದ್ಯಕ್ಕೆ ಗ್ಯಾಲರಿಯಲ್ಲಿ ಆಟಗಾರರ ಮನೆಯವರು ಬಿಟ್ಟರೆ ಯಾರಿದ್ದಾರೆ? ಒಮ್ಮೆ ಬೆಂಗಳೂರಿನ ಒಂದು ಹಳೆಯ ಕ್ಲಬ್ಬಿಗೆ ಹೋಗಿ ಹಿಂದಿನ ತಂಡಗಳ ರಿಜಿಸ್ಟರ್ ಕೇಳಿದೆ. ಕೊಠಡಿ ಖಾಲಿ ಮಾಡುವಾಗ ರದ್ದಿಗೆ ಹಾಕಿದೆವು ಸಾರ್ ಅಂದರು. ಅದರಲ್ಲಿ ಯಾರ್ಯಾರ ಹೆಸರಿತ್ತೋ. ಅವರಲ್ಲಿ ಹಲವರು ಕಾರ್ಖಾನೆ ಪಾಳಿ ಮುಗಿಸಿ ಬಂದು ಆಡಿದವರು.

ಹಾಗಾಗಿ ಮೇಷ್ಟ್ರೇ, ಒಂದು ಕೆಲಸ ಒಪ್ಪಿಸುತ್ತೇನೆ. ದಾವಣಗೆರೆ ಗಿರಣಿಗಳ ಊರು. ಗಿರಣಿ ಕಾರ್ಮಿಕರು, ಶಾಲೆ ಹುಡುಗರು ಕಟ್ಟಿದ ತಂಡಗಳ ಬಗ್ಗೆ ನಿಮಗೆ ಗೊತ್ತಿರುವಷ್ಟು ಬರೆದು ಕಳಿಸಿ. ಯಾರು ಆಡಿದರು, ಎಲ್ಲಿ ಆಡಿದರು, ಯಾರನ್ನು ಸೇರಿಸಿಕೊಳ್ಳಲಿಲ್ಲ, ಎಲ್ಲ ಇರಲಿ. ಹಳೆಯ ಫೋಟೋ ಇದ್ದರೆ ಹಿಂದೆ ಹೆಸರು ಬರೆಸಿ ಕಳಿಸಿ, ಜೋಪಾನವಾಗಿ ವಾಪಸ್ ಮಾಡುತ್ತೇವೆ. ಸೋತ ಪಂದ್ಯಗಳನ್ನೂ ಬಿಡಬೇಡಿ. ಎರಡು ಪುಟ ಸಾಲದಿದ್ದರೆ ನಾಲ್ಕು ಕೊಡುತ್ತೇನೆ.

ಸಂಪಾದಕ